ಮಾವ ಹಚ್ಚಿದ ಎರಡು ಕೋಟ್ ಪೇಂಟ್

ಹೋದ ಭಾನುವಾರ ಸಂಜೆ ದೆಹಲಿಯ ಜನಕಪುರಿಯ ನಮ್ಮ ಮನೆಯ ತಾರಸಿಯಲ್ಲಿ, ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗಿಂದ ಸೊಗಸಾದ ಹಾಡೊಂದು ಕೇಳಿಸಿತು. ಕೇಳಿದ್ದೇ ನನ್ನ ಗಂಡ ತಲೆ ಮೇಲೆ ಕೈಹೊತ್ತು ಕುಳಿತ.

ಹಾಡು ಕೇಳಿ ಯಾರಾದರೂ ಹೀಗೆ ಕೂರುತ್ತಾರೆಯೇ? ತಾಳಿ, ಹೇಳುತ್ತೇನೆ.

ಅವನು ಕೆಲಸ ಮಾಡುವ ಸಣ್ಣ ಕಂಪನಿ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಲೋಹದ ಪೆಟ್ಟಿಗೆ ಮಾಡುತ್ತದೆ. ಹೊರಗಿನ ರೇಡಿಯೋ ತರಂಗ ಒಳಗೆ ನುಸುಳಬಾರದು, ಒಳಗಿನದು ಹೊರಗೆ ಸೋರಬಾರದು. ಅದಕ್ಕೇ ಮುಚ್ಚಳದ ಅಂಚಿಗೆ ತಂತಿ ಜಾಲರಿಯ ಗ್ಯಾಸ್ಕೆಟ್. (ನಿಮ್ಮ ಕುಕ್ಕರಿನ ಗ್ಯಾಸ್ಕೆಟ್ಟಿನ ತಮ್ಮ ಅಂದುಕೊಳ್ಳಿ.) ಲೋಹಕ್ಕೆ ಲೋಹ ತಾಗಿ ಕೂತರಷ್ಟೇ ಅದು ಕೆಲಸ ಮಾಡುತ್ತದೆ.

ದೆಹಲಿಯ ಬಿಸಿಲು, ಧೂಳು, ಮಳೆಗೆ ಕಂಪನಿ ಅಂಚಿಗೆ ಕೊಡುವ ಅಗ್ಗದ ಲೋಹದ ಲೇಪನ ತಡೆಯುವುದಿಲ್ಲ ಎಂಬುದು ಇವನ ವಾದ. “ಪ್ರೂಫ್ ಎಲ್ಲಿ?” ಎಂದರು ಬಾಸ್. ಸರಿ, ಒಂದು ಪೆಟ್ಟಿಗೆ ಒಂಬತ್ತು ತಿಂಗಳು ನಮ್ಮ ತಾರಸಿಯಲ್ಲಿ ಬಿಸಿಲಲ್ಲಿ ಕಾಯಿತು, ಮಳೆಯಲ್ಲಿ ನೆನೆಯಿತು. ಆಗಾಗ ಅದರೊಳಗೆ ಪುಟ್ಟ ರೇಡಿಯೋ ಇಟ್ಟು ಮುಚ್ಚಿ ಕಿವಿಗೊಡುತ್ತಿದ್ದ. ಮೊದಮೊದಲು ಬರೀ ಸರ್ರೆಂಬ ಸದ್ದು. ಅಂಚು ತುಕ್ಕು ಹಿಡಿದ ಮೇಲೆ ಸ್ಟೇಷನ್ ಅರೆಬರೆ ಕೇಳತೊಡಗಿತು. ಇವನಿಗೋ ಹಬ್ಬ! ಸೋಮವಾರ ಆ ತುಕ್ಕು ಲ್ಯಾಬಿಗೆ ಹೋಗಬೇಕಿತ್ತು.

ಈಗ ಮಾವನ ವಿಷಯ. ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅಲ್ಲಿ ಇನ್‌ಸ್ಪೆಕ್ಷನ್ ಅಂದರೆ ಅಲುಗಾಡದ ವಸ್ತುವಿಗೆಲ್ಲ ಪೇಂಟ್ ಬೀಳುತ್ತದಂತೆ. ನಮ್ಮ ಗೇಟು, ಕೂಲರ್ ಸ್ಟ್ಯಾಂಡ್, ಹೂಕುಂಡ ಯಾವುದೂ ಅವರ ಬ್ರಷ್‌ನಿಂದ ತಪ್ಪಿಸಿಕೊಂಡಿಲ್ಲ. ಮಗನ ಪೆಟ್ಟಿಗೆಗೆ ನಾಳೆ ಇನ್‌ಸ್ಪೆಕ್ಷನ್ ಎಂದು ಕಿವಿಗೆ ಬಿದ್ದಿದೆ. ನಾವು ನೊಯ್ಡಾದಲ್ಲಿ ಮದುವೆಯೂಟ ಮುಗಿಸಿ ಬರುವಷ್ಟರಲ್ಲಿ ತುಕ್ಕನ್ನೆಲ್ಲ ಉಜ್ಜಿ, ಅಂಚನ್ನೂ ಬಿಡದೆ ಎರಡು ಕೋಟ್ ಹೊಡೆದು, ಒಣಗಿಸಿ, ರೇಡಿಯೋ ಇಟ್ಟು ಮುಚ್ಚಿದ್ದರು.

“ನೋಡಪ್ಪಾ, ಈಗ ಸ್ಟೇಷನ್ ಎಷ್ಟು ಕ್ಲಿಯರ್ ಸಿಕ್ತಿದೆ!” ಎಂದರು ಹೆಮ್ಮೆಯಿಂದ.

ಸಿಗದೇ ಏನು? ಲೋಹಕ್ಕೂ ಲೋಹಕ್ಕೂ ನಡುವೆ ಪೇಂಟ್ ಕೂತಿತ್ತಲ್ಲ!

“ತಾತಾ, ಯೇ ಕ್ಯಾ ಕಿಯಾ! ಪಪ್ಪಾ ಕಾ ಎಕ್ಸ್‌ಪೆರಿಮೆಂಟ್ ಥಾ!” ಎಂದು ಕೂಗಿದಳು ಮಗಳು, ಏನು ಮಾಡಿಬಿಟ್ಟಿರಿ, ಅದು ಪಪ್ಪನ ಪ್ರಯೋಗವಾಗಿತ್ತು ಎಂದು ತನ್ನ ದೆಹಲಿ ಹಿಂದಿಯಲ್ಲಿ.

ಮಾವನ ಮುಖ ಸಣ್ಣದಾಯಿತು. “ಹಾಳ್ ಮಾಡ್ಬಿಟ್ನಾ?”

ಗಂಡನ ಕಿವಿ ಕೆಂಪಾಗಿತ್ತು. ಸಿಡಿಯುತ್ತಾನೆ ಅಂದುಕೊಂಡೆ. “ಇಲ್ಲಪ್ಪಾ, ಫಸ್ಟ್ ಕ್ಲಾಸ್ ಆಗಿದೆ” ಎಂದ. ಮದುವೆಯಾದಾಗಿನಿಂದ ಅವನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಕಡಿಮೆಯೇ.

ಮನೆಯಲ್ಲಿ ನಾವು ಹಾಳುಮಾಡುವುದೆಲ್ಲ ಹೆಚ್ಚಾಗಿ ಒಳ್ಳೆಯದಾಗಲಿ ಎಂದೇ ಅಲ್ಲವೇ? ಅವನ ಉಣ್ಣೆಯ ಸ್ವೆಟರನ್ನು ನಾನು ಬಿಸಿನೀರಿಗೆ ಹಾಕಿದ್ದೂ ಕೊಳೆ ಹೋಗಲಿ ಎಂದೇ. (ಈಗ ಅದು ಮಗಳಿಗೆ ಸರಿಯಾಗುತ್ತದೆ.)

ಸೋಮವಾರ ಬಾಸ್ ಹತ್ತಿರ ಬೈಸಿಕೊಂಡು ಬಂದ. ಹೊಸ ಪೆಟ್ಟಿಗೆ ತಾರಸಿ ಏರಿತು. “ಅಪ್ಪಾ, ಇದಕ್ಕೆ ತಾನಾಗೇ ತುಕ್ಕು ಹಿಡೀಬೇಕು. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳೋದು ನಿಮ್ಮ ಡ್ಯೂಟಿ” ಎಂದ. ಮಾವ ನೆಟ್ಟಗೆ ನಿಂತು ಒಪ್ಪಿಕೊಂಡರು.

ನಿನ್ನೆ ಬಟ್ಟೆ ಒಣಹಾಕಲು ಹೋದರೆ, ಮಾವ ಬಗ್ಗಿ ಕುಳಿತು ಮಗ್ಗಿನಿಂದ ಅಂಚಿಗೆ ಉಪ್ಪುನೀರು ಚಿಮುಕಿಸುತ್ತಿದ್ದಾರೆ!

“ಶ್... ಮಗಳೇ, ಅವನಿಗೆ ಹೇಳ್ಬೇಡ. ಪಾಪ, ನನ್ನಿಂದಾಗಿ ಇನ್ನೂ ಒಂಬತ್ತು ತಿಂಗಳು ಕಾಯ್ಬೇಕಲ್ಲ?”

ಈಗ ನೀವೇ ಹೇಳಿ: ಗಂಡನಿಗೆ ಚಾಡಿ ಹೇಳಲೇ, ಉಪ್ಪಿನ ಡಬ್ಬಿ ಬಚ್ಚಿಡಲೇ?