ಪಾಲಿಗೆ ಬಂದ ಕೀಲಿ

ಭಂಡಿಗಡಿಯ ವಾಸಪ್ಪಗೌಡರು ತಾವು ಗಟ್ಟಿಯಾಗಿರುವಾಗಲೇ ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿಬಿಡಬೇಕೆಂದು ಹಟ ಹಿಡಿದು ಕೂತದ್ದು ಎರಡು ಸಾವಿರದ ಏಳರ ಮಾರ್ಚಿಯಲ್ಲಿ. ಗದ್ದೆ, ತೋಟ, ಹಂಡೆ, ಕೊಪ್ಪರಿಗೆ, ಎಮ್ಮೆ ಎಲ್ಲ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಹಿರಿಯವನು ಎರಡು ಗುಂಪು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಆ ಕಡೆಯ ಮನೆತನಗಳಲ್ಲಿ ನಡೆದು ಬಂದ ಕ್ರಮ ಅದು, ಜಗಳಕ್ಕೆ ಜಾಗವಿಲ್ಲ. ಕೊನೆಗೆ ಉಳಿದದ್ದು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದ ಸಾಮಾನು. ಅಲ್ಲಿ ಅಣ್ಣ ತಮ್ಮ ಸೇರಿ ಒಂದು ಸಣ್ಣ ರೆಕಾರ್ಡಿಂಗ್ ಅಂಗಡಿ ನಡೆಸುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸಿಗೆ, ಗಣಪತಿ ಪೆಂಡಾಲಿನ ಕಾರ್ಯಕ್ರಮಕ್ಕೆ, ಆರ್ಕೆಸ್ಟ್ರಾದವರಿಗೆ ತಾಳದ ಟ್ರ್ಯಾಕ್ ಮಾಡಿಕೊಡುವ ಅಂಗಡಿ.

ಕಂಪ್ಯೂಟರು, ಸ್ಪೀಕರು, ಸಾಫ್ಟ್‌ವೇರಿನ ಡಬ್ಬಿ ಒಂದು ಕಡೆಗೆ. ಮೈಕು, ಮಿಕ್ಸರು, ಹಾರ್ಮೋನಿಯಂ ಇನ್ನೊಂದು ಕಡೆಗೆ. ಕಿರಿಯವನು ಎರಡನೆಯದನ್ನು ಆರಿಸಿಕೊಂಡ. ಆಮೇಲೂ ಚಾಪೆಯ ಮೇಲೆ ಬೆರಳುದ್ದದ ಒಂದು ನೀಲಿ ಪ್ಲಾಸ್ಟಿಕ್ ತುಂಡು ಉಳಿಯಿತು.

“ಇದೆಂತದು?” ಎಂದರು ಪಂಚಾಯ್ತಿಗೆ ಕೂತಿದ್ದ ವೆಂಕಟಯ್ಯನವರು.

“ಅದು ಸಾಫ್ಟ್‌ವೇರಿನ ಕೀ. ಅದನ್ನ ಕಂಪ್ಯೂಟರಿಗೆ ಸಿಕ್ಕಿಸದೇ ಇದ್ರೆ ಒಳಗಿನದ್ದು ತೆರ್ಕೊಳ್ಳೋದೇ ಇಲ್ಲ,” ಎಂದ ಹಿರಿಯ ಮಗ ರಾಕೇಶ.

ವೆಂಕಟಯ್ಯನವರ ಮುಖ ಅರಳಿತು. ಇಷ್ಟು ಹೊತ್ತು ತಲೆಬುಡ ತಿಳಿಯದ ಸಾಮಾನುಗಳ ನಡುವೆ ತಿಳಿಯುವಂಥದ್ದು ಒಂದು ಸಿಕ್ಕಿತ್ತು. ಅವರ ಮನೆಯಲ್ಲಿ ಅಣ್ಣತಮ್ಮಂದಿರು ಕೂಡಿದ್ದಷ್ಟು ದಿನ ಹಣದ ಪೆಟ್ಟಿಗೆ ಹಿರಿಯನ ಕೋಣೆಯಲ್ಲಿರುತ್ತಿತ್ತು, ಅದರ ಕೀಲಿ ಕಿರಿಯನ ಉಡಿದಾರದಲ್ಲಿ.

“ಹಾಗಾದ್ರೆ ಮುಗೀತಲ್ಲ ಮಾರಾಯ! ಪೆಟ್ಟಿಗೆ ಅಣ್ಣಂಗೆ, ಕೀಲಿ ತಮ್ಮಂಗೆ. ಒಬ್ಬನ್ನ ಬಿಟ್ಟು ಒಬ್ಬ ತೆಗೆಯಕ್ಕಾಗೋದಿಲ್ಲ. ಬರ್ಕೊ.”

ಬಾಗಿಲ ಸಂದಿಯಲ್ಲಿ ವರ್ಷದ ಮಗು ಗಗನಾಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಕಿರಿಯ ಸೊಸೆ ರಮ್ಯ, “ಅವೆರಡೂ ಒಟ್ಟಿಗಿರ್ಬೇಕು,” ಎಂದಳು. ಜೋರಾಗಿಯೇ ಅಂದಳು. ಅತ್ತೆ ಸುಲೋಚನಮ್ಮ ಅವಳ ತೋಳು ಮುಟ್ಟಿ, “ಕೂಸಿಗೆ ಹಸಿವಾಗಿದ್ಯೇನೋ, ಒಳಗೆ ನೋಡು,” ಎಂದರು. ಮಗು ಆಗಷ್ಟೇ ಉಂಡು ಬಾಯಿ ಒರೆಸಿಕೊಂಡಿತ್ತು.

ಆ ಅಂಗಡಿಯಲ್ಲಿ ಟ್ರ್ಯಾಕ್ ಮಾಡುತ್ತಿದ್ದವಳು ರಮ್ಯ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಪಾಲಿನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಅವಳು ನರಸಿಂಹರಾಜಪುರದವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದರು. ಶಾಲೆಯಿಂದ ಬರುವ ಹುಡುಗಿ ದಾರಿಯಲ್ಲೇ ನಿಂತು ಗಿರಣಿಯ ಸದ್ದು ಕೇಳಿ, “ಅಪ್ಪ, ಬೆಲ್ಟು ಜಾರ್ತಾ ಇದೆ,” ಎನ್ನುತ್ತಿದ್ದಳು. ಅಪ್ಪ ಹೋಗಿ ನೋಡಿದರೆ ನಿಜವೇ. ಆ ಕಿವಿ ಹೊತ್ತುಕೊಂಡು ಮದುವೆಯಾಗಿ ಬಂದವಳು ಮೊದಲು ಕೊಪ್ಪದ ಅಂಗಡಿಗೆ ಹೋದದ್ದು ಗಂಡ ನವೀನನಿಗೆ ಬುತ್ತಿ ಕೊಡಲು. ಆರು ತಿಂಗಳಲ್ಲಿ ಮೌಸ್ ಅವಳ ಕೈಗೆ ಬಂತು. ನವೀನ ನೆಮ್ಮದಿಯಾಗಿ ತೋಟಕ್ಕೆ ಹೋದ. ರಾಕೇಶ ಮುಂದಿನ ಮೇಜಿನಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತಾಡಿದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಕೆಲಸ ಹೀಗೆ: ಒಂದು ವಾದ್ಯದ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕು, ಅದನ್ನು ಒಂದೊಂದು ಪೆಟ್ಟಿಗೂ ಬೇರೆಬೇರೆ ತುಂಡು ಮಾಡಬೇಕು, ಆ ತುಂಡುಗಳನ್ನು ಪರದೆಯ ಮೇಲಿನ ಮನೆಗಳಲ್ಲಿ ಸಾಲಾಗಿ ಕೂರಿಸಿ ಹೊಸ ತಾಳ ಕಟ್ಟಬೇಕು. ಕಷ್ಟವಿರುವುದು ತುಂಡು ಮಾಡುವುದರಲ್ಲಿ. ಪೆಟ್ಟು ಶುರುವಾಗುವ ಜಾಗಕ್ಕಿಂತ ಕೂದಲೆಳೆಯಷ್ಟು ಮುಂದೆ ಕತ್ತರಿಸಿದರೆ ತಾಳ ಕುಂಟುತ್ತದೆ. ರಮ್ಯ ಅದನ್ನು ಕಣ್ಣು ಮುಚ್ಚಿ, ಕಿವಿಯಲ್ಲೇ ಹಿಡಿಯುತ್ತಿದ್ದಳು. ಮುತ್ತಿನಕೊಪ್ಪದ ರೇಣುಕಪ್ಪನ ಡೊಳ್ಳು ರೆಕಾರ್ಡ್ ಮಾಡಲು ಮಗುವನ್ನೂ ಕರೆದುಕೊಂಡು ಹೋಗಿದ್ದಳು. ಒಂದೊಂದೇ ಪೆಟ್ಟು ಹೊಡೆದು ನಿಲ್ಲಿಸಿ ಎಂದಾಗ ರೇಣುಕಪ್ಪ ಗೊಳ್ಳೆಂದು ನಕ್ಕಿದ್ದ. “ಎಂತ ಮಾರಾಯ್ತಿ, ಒಂದು ತುತ್ತು ಉಂಡು ಕೈ ತೊಳ್ಕೊ ಅಂದಂಗಾತಲ್ಲ!” ಆದರೂ ಹೊಡೆದ. ಅವನ ಡೊಳ್ಳು ಒಂದರಿಂದಲೇ ಅವಳು ನಲವತ್ತು ತುಂಡು ಮಾಡಿದಳು. ಮೂರು ದಿನ ಹಿಡಿಯಿತು.

ಪಾಲಾದ ಮೇಲೆ ರಾಕೇಶ ಕೊಪ್ಪದಲ್ಲೇ ಮನೆ ಮಾಡಿದ. ವಾರಕ್ಕೆ ಮೂರು ದಿನ ರಮ್ಯ ನೀಲಿ ಕೀಲಿಯನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಭಾವನ ಅಂಗಡಿಗೆ ಹೋದಳು. ಕೀಲಿ ಸಿಕ್ಕಿಸಿ ಕೆಲಸ, ಕೆಲಸ ಮುಗಿದರೆ ಕೀಲಿ ಕಿತ್ತು ಪರ್ಸಿಗೆ. ಬಂದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಊರವರು ನಗುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ. ಆದರೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಬಸ್ಸಿನ ಕಿಟಕಿ ಪಕ್ಕ ಕೂತಾಗ ಬೆನ್ನು ನೆಟ್ಟಗಾಗುತ್ತಿತ್ತು.

ಸಾಫ್ಟ್‌ವೇರು ಮಾತ್ರ ಮುದಿಯಾಗಿತ್ತು. ಹದಿನಾರು ತುಂಡಿಗಿಂತ ಹೆಚ್ಚು ಕೂರಿಸಿದರೆ ಪರದೆ ಹಾಗೇ ನಿಂತುಬಿಡುತ್ತಿತ್ತು, ಮಾಡಿದ್ದೆಲ್ಲ ಹೋಗುತ್ತಿತ್ತು. ತಾಳ ಸ್ವಲ್ಪ ಚುರುಕು ಮಾಡಿದರೆ ರೇಣುಕಪ್ಪನ ಡೊಳ್ಳು ತಗಡಿನ ಡಬ್ಬಿಯಾಗುತ್ತಿತ್ತು, ನಿಧಾನ ಮಾಡಿದರೆ ನೆನೆದ ಗೋಣಿಚೀಲ.

ಎರಡು ಸಾವಿರದ ಎಂಟರ ನವೆಂಬರಿನಲ್ಲಿ ರಾಕೇಶ ಒಂದು ಸಿಡಿ ತಂದ. “ಹೊಸ ವರ್ಷನ್ ಬಂದಿದೆ ರಮ್ಯ. ಇದು ಟ್ರಯಲ್ಲು, ತಿಂಗಳು ನೋಡಬಹುದು. ಹಳೇದು ಇದ್ದವ್ರಿಗೆ ಅಪ್‌ಗ್ರೇಡು, ಬೆಲೇಲಿ ಮೂರರಲ್ಲಿ ಒಂದು ಪಾಲು ಕೊಟ್ರೆ ಸಾಕು. ಡಿಸೆಂಬರ್ ಮೂವತ್ತೊಂದರ ಒಳಗೆ ಮಾಡ್ಬೇಕು.”

ಅವಳು ರೇಣುಕಪ್ಪನ ಡೊಳ್ಳು ಹಾಕಿದಳು. ವೇಗ ಇಳಿಸಿದಳು. ಡೊಳ್ಳು ಡೊಳ್ಳಾಗಿಯೇ ಉಳಿಯಿತು. ಇನ್ನೂ ಇಳಿಸಿದಳು. ಚರ್ಮದ ಆಳದ ಗುಂಯ್ ಎನ್ನುವ ಕೊನೆಯ ಎಳೆ ಕೂಡ ಕೇಳಿಸಿತು. ಅದನ್ನು ಅವಳು ಮುತ್ತಿನಕೊಪ್ಪದ ಆ ಅಂಗಳದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಕಣ್ಣು ಒದ್ದೆಯಾದದ್ದು ಭಾವನಿಗೆ ಕಾಣಬಾರದೆಂದು ಪರದೆಯ ಹತ್ತಿರ ಬಗ್ಗಿದಳು.

“ತಡಿ ತಡಿ, ಇನ್ನೊಂದಿದೆ,” ಎಂದು ರಾಕೇಶ ಕೈ ಚಾಚಿ ಒಂದು ಗುಂಡಿ ಒತ್ತಿದ.

ಕತ್ತರಿಸದೆ ಬಿಟ್ಟಿದ್ದ ಡೊಳ್ಳಿನ ಉದ್ದನೆಯ ರೆಕಾರ್ಡಿಂಗ್ ಮೇಲೆ ಸರಸರನೆ ಗೆರೆಗಳು ಬಿದ್ದವು. ಪ್ರತಿ ಪೆಟ್ಟು ಶುರುವಾಗುವ ಜಾಗಕ್ಕೇ ಒಂದು ಗೆರೆ. ನಲವತ್ತಕ್ಕೆ ನಲವತ್ತು. ರಮ್ಯ ಒಂದೊಂದನ್ನೂ ಒತ್ತಿ ಕೇಳಿದಳು. ಎಲ್ಲಾದರೂ ತಪ್ಪಿರುತ್ತದೆ ಎಂದು ಕೇಳಿದಳು. ಎರಡು ಕಡೆ ತಪ್ಪಿತ್ತು. ಮೂವತ್ತೆಂಟು ಸರಿಯಿತ್ತು.

“ನೋಡ್ದ್ಯಾ? ನಿಂಗೆ ಮೂರು ದಿನ ಹಿಡೀತಿತ್ತಲ್ಲ!” ರಾಕೇಶನಿಗೆ ನಿಜವಾಗಿಯೂ ಖುಷಿಯಾಗಿತ್ತು. “ಇನ್ನು ನಿಂಗೆ ಈ ಒದ್ದಾಟ ಬೇಡ. ಬಸ್ಸು, ಕೂಸನ್ನ ಬಿಟ್ಟು ಬರೋದು, ಯಾವುದೂ ಬೇಡ. ಇದಾದ್ರೆ ನಾನೇ ಮಾಡ್ತೀನಿ. ನೀ ಆರಾಮಾಗಿ ಮನೇಲಿ ಮಗು ನೋಡ್ಕೊ.”

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

“ಯಾರ ಹೆಸರಲ್ಲಿ ಬರ್ತದೆ ಭಾವ?”

“ಬಿಲ್ಲು ನನ್ನ ಹೆಸರಲ್ಲಿರೋದಲ್ವಾ? ಹಳೇ ಕೀ ಬೆಂಗ್ಳೂರಿನ ಏಜೆಂಟಿಗೆ ಕಳ್ಸಬೇಕು. ಅವ್ರು ಹೊಸಾದು ನನ್ನ ಹೆಸರಿಗೆ ಕಳಿಸ್ತಾರೆ.”

“ಅರ್ಜಿಯಲ್ಲಿ ನನ್ನ ಹೆಸರು ಹಾಕಕ್ಕಾಗೋದಿಲ್ವಾ?”

ಅವನು ನಕ್ಕ. ತಮಾಷೆ ಮಾಡಿದಳೆಂದೇ ತಿಳಿದಿದ್ದ. “ನಿನ್ನ ಹೆಸರು ಯಾಕೆ ಮಾರಾಯ್ತಿ, ನಿಂದೆಂತದಿದೆ ಅದ್ರಲ್ಲಿ?”

ಮನೆಯಲ್ಲಿ ವಿಷಯ ಹೇಳಿದಾಗ ನವೀನ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. “ಕೀಲಿ ಕೊಡಬೇಕಂತಾ? ಕೊಟ್ರೆ ನಮ್ಮ ಪಾಲು ಹೋದ ಹಾಗೇ. ನಾಳೆ ಅರ್ಧ ಕೊಡಲ್ಲ ಅಂದ್ರೆ ಎಂತ ಮಾಡೋದು? ಬೇಡ, ಏನೂ ಬೇಡ.”

“ಹೊಸದ್ರಲ್ಲಿ ಡೊಳ್ಳು ಎಷ್ಟು ಚೆಂದ ಕೇಳ್ತದೆ ಗೊತ್ತಾ ನಿಮ್ಗೆ,” ಎಂದಳು ಅವಳು. ಭಾವ ಹೇಳಿದ ಉಳಿದ ಮಾತನ್ನು ಹೇಳಲಿಲ್ಲ. ಗಂಡನೂ ‘ಒಳ್ಳೇದಾಯ್ತಲ್ಲ, ಮನೇಲಿರು’ ಎಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ.

ಡಿಸೆಂಬರು ಪೂರ್ತಿ ಅವಳು ಲೆಕ್ಕ ಹಾಕಿದಳು. ಮಗುವಿನ ಬಟ್ಟೆ ಒಗೆಯುವಾಗ, ರಾಗಿ ಸೇವಿಗೆ ಒತ್ತುವಾಗ. ಹೊಸದು ಬಂದರೆ ಹರಿಹರಪುರದ ಆರ್ಕೆಸ್ಟ್ರಾದವರು ಕೇಳಿದ ಇಪ್ಪತ್ತು ಟ್ರ್ಯಾಕು ಮಾಡಬಹುದು. ಆದರೆ ಮಾಡುವವಳು ತಾನಲ್ಲ. ಹಳೆಯದೇ ಇದ್ದರೆ ಇಪ್ಪತ್ತು ಟ್ರ್ಯಾಕು ಸಿಗುವುದಿಲ್ಲ. ಆದರೆ ಸಿಕ್ಕಿದ ಎರಡು ತನ್ನ ಕೈಯಲ್ಲೇ ಆಗಬೇಕು. ಅದು ಕೆಟ್ಟದಾಗಿರುವಷ್ಟು ದಿನ ತಾನು ಬೇಕು. ಈ ಯೋಚನೆ ಬಂದಾಗ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಮರುದಿನ ಮತ್ತೆ ಅದೇ ಯೋಚನೆ ಬಂತು. ಹೇಸಿಗೆ ಸ್ವಲ್ಪ ಕಡಿಮೆಯಾಗಿತ್ತು.

ಟ್ರಯಲ್ಲಿನ ಕೊನೆಯ ದಿನ ಅವಳು ರೇಣುಕಪ್ಪನ ಡೊಳ್ಳನ್ನು ನಿಧಾನಕ್ಕೆ ಇಳಿಸಿ ಒಬ್ಬಳೇ ಕೇಳಿದಳು. ಟ್ರಯಲ್ಲಿನಲ್ಲಿ ಮಾಡಿದ್ದನ್ನು ಉಳಿಸಿಕೊಳ್ಳಲು ಬರುತ್ತಿರಲಿಲ್ಲ. ಮುಚ್ಚಿದಳು, ಹೋಯಿತು.

ಡಿಸೆಂಬರ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವಾಗ ನವೀನ ಚಪ್ಪಲಿ ಮೆಟ್ಟುತ್ತಾ ತಲೆ ಎತ್ತದೆ ಹೇಳಿದ. “ಆ ಕೀಲಿ ಕೊಟ್ಟುಬಿಡು ಮಾರಾಯ್ತಿ. ಅಣ್ಣ ಮೋಸ ಮಾಡೋನಲ್ಲ. ಯೋಚನೆ ಮಾಡಿದೆ. ನಿಂಗೆ ಆ ಡೊಳ್ಳು ಚೆಂದ ಕೇಳ್ತದೆ ಅಂದ್ಯಲ್ಲ, ಆಗ್ಲಿ.”

ಒಂದು ತಿಂಗಳು ಅವನ ತಲೆಯಲ್ಲಿ ಉಳಿದದ್ದು ಆ ಒಂದು ಮಾತು. ರಮ್ಯ ಅವನ ಅಂಗಿಯ ಹೆಗಲಿಗೆ ಅಂಟಿದ್ದ ಒಣ ಎಲೆಚೂರು ತೆಗೆದಳು. “ಹೂಂ,” ಎಂದಳು.

ಕೊಪ್ಪದಲ್ಲಿ ರಾಕೇಶ ಅರ್ಜಿ ಬರೆದು, ಲಕೋಟೆಗೆ ವಿಳಾಸ ಬರೆದು, ಅಂಚೆಚೀಟಿ ಕೂಡ ಹಚ್ಚಿ ಕಾಯುತ್ತಿದ್ದ. “ತಂದ್ಯಾ?”

ಕೀಲಿ ಪರ್ಸಿನಲ್ಲಿತ್ತು. ಪರ್ಸು ಕೈಯಲ್ಲಿತ್ತು.

“ಇವರು ಒಪ್ತಾ ಇಲ್ಲ ಭಾವ,” ಎಂದಳು.

ರಾಕೇಶ ಲಕೋಟೆಯನ್ನು ಮೇಜಿನ ಖಾನೆಗೆ ತಳ್ಳಿದ. “ಕೈಕಾಲು ಹಿಡಿದು ಕೇಳ್ಬೇಕೇನು ಅವ್ನಿಗೆ? ಒಡಹುಟ್ಟಿದವನ ಮೇಲೆ ಅಷ್ಟೂ ನಂಬಿಕೆ ಇಲ್ವಾ?”

“ಹಳೇದೇ ಸಾಕು ಬಿಡಿ. ಚೆನ್ನಾಗೇ ಇದೆ,” ಎಂದು ಅವಳು ಕೀಲಿ ಸಿಕ್ಕಿಸಿ ಕೂತಳು. ಗಂಡನಿಗೆ ಸಂಜೆ ಹೇಳಿದ್ದು, ಭಾವನೇ ಬೇಡ ಅಂದರು, ದುಡ್ಡು ದಂಡ ಅಂದರು ಎಂದು. ಪಾಲಾದ ಮೇಲೆ ಅಣ್ಣತಮ್ಮ ನೇರ ಮಾತಾಡುವುದು ಕಡಿಮೆ, ಅಂಗಡಿಯ ಮಾತೆಲ್ಲ ರಮ್ಯಳ ಮೂಲಕವೇ. ಹಾಗಾಗಿ ಎರಡು ಸುಳ್ಳೂ ಬೇರೆಬೇರೆ ಮನೆಯಲ್ಲಿ ಸುಖವಾಗಿದ್ದವು.

ಜನವರಿಯಲ್ಲಿ ಆರ್ಕೆಸ್ಟ್ರಾದವರು ಶಿವಮೊಗ್ಗಕ್ಕೆ ಹೋದರು. ಫೆಬ್ರುವರಿಯಲ್ಲಿ ಎರಡು ಶಾಲೆಯವರು ಅವರ ಹಿಂದೆಯೇ ಹೋದರು. ಮಾರ್ಚಿಯಲ್ಲಿ ಸಂಬಂಧಿಕರೊಬ್ಬರ ಮನೆಯ ನಿಶ್ಚಿತಾರ್ಥದ ಊಟದಲ್ಲಿ, ಸಾಲು ಪಂಕ್ತಿಯ ಎದುರು, ರಾಕೇಶನ ಸಿಟ್ಟು ಹೊರಗೆ ಬಂತು.

“ನೋಡ್ಕೊಳಿ ಎಲ್ರೂ. ಒಂದು ಪ್ಲಾಸ್ಟಿಕ್ ತುಂಡು ಎದೆಗವಚಿಕೊಂಡು ಅಂಗಡಿ ಮುಚ್ಚಿಸ್ತಾ ಇರೋ ಪುಣ್ಯಾತ್ಮ ಇವ್ನೇ. ಕೊಡಲ್ಲ ಅಂದ, ಸ್ವಂತ ಅಣ್ಣಂಗೆ!”

ನವೀನ ಎಲೆಯ ಮೇಲಿನ ಕೈ ಎತ್ತಲಿಲ್ಲ. ಹೆಂಗಸರ ಪಂಕ್ತಿಯಲ್ಲಿ ಕೂತಿದ್ದ ರಮ್ಯಳ ಕಡೆ ಒಮ್ಮೆ ನೋಡಿದ. ಅವಳು ಮಗುವಿಗೆ ಅನ್ನ ಕಲಸುತ್ತಿದ್ದಳು. ಕಲಸಿದ್ದನ್ನೇ ಮತ್ತೆ ಮತ್ತೆ ಕಲಸುತ್ತಿದ್ದಳು.

ಬಸ್ಸಿನಲ್ಲಿ ಅವನು ಕೇಳಿದ. “ನಾನು ಕೊಡು ಅಂದಿದ್ನಲ್ಲ?”

“ಹೂಂ.”

“ಮತ್ತೆ?”

“ಕೊಟ್ಟಿದ್ರೆ ನನ್ನ ಕೆಲಸ ಇರ್ತಿರಲಿಲ್ಲ. ಮನೇಲಿ ಕೂತ್ಕೊ ಅಂದಿದ್ರು.”

ಗಗನಾ ಅವನ ತೊಡೆಯ ಮೇಲೆ ನಿದ್ದೆ ಮಾಡಿತ್ತು. ಅವನು ಅದರ ಕಾಲಿನ ಗೆಜ್ಜೆ ಸರಿ ಮಾಡಿದ. “ಹಾಗಂತ ನಂಗೆ ಹೇಳಿದ್ರೆ ನಾನೇ ಕೊಡಲ್ಲ ಅಂತಿದ್ದೆ. ನಿಜವಾಗ್ಲೂ ಅಂತಿದ್ದೆ.”

ಅವಳಿಗೆ ಅದು ನಿಜವೆಂದು ಅನ್ನಿಸಿತು. ಡಿಸೆಂಬರಿನಲ್ಲಿ ಮಾತ್ರ ಹಾಗೆ ಅನ್ನಿಸಿರಲಿಲ್ಲ.

ಮನೆಯಲ್ಲಿ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ವಾಸಪ್ಪಗೌಡರು ಜಗಲಿಯಲ್ಲಿ ಕಾಯುತ್ತಿದ್ದರು. “ಹೌದೇನೋ ನವೀನ, ಕೀಲಿ ಕೊಡಲ್ಲ ಅಂದ್ಯಂತೆ ಅಣ್ಣಂಗೆ?”

ರಮ್ಯ ಬಾಯಿ ತೆರೆದಳು. ಅಷ್ಟರಲ್ಲಿ ನವೀನ ಹೇಳಿಬಿಟ್ಟ. “ಹೌದು. ನಾನೇ ಅಂದೆ.”

ಮುದುಕರು ಮಗನ ಮುಖ ನೋಡಿದರು, ಎದ್ದು ಒಳಗೆ ಹೋದರು.

ಸೋಮವಾರ ರಮ್ಯ ಎಂದಿನಂತೆ ಬಸ್ಸು ಹತ್ತಿದಳು. ಒಂದೇ ಒಂದು ಟ್ರ್ಯಾಕಿತ್ತು, ಅಂಗನವಾಡಿ ಮಕ್ಕಳ ಕುಣಿತಕ್ಕೆ. ಹದಿನಾರು ತುಂಡಿನೊಳಗೆ ಮುಗಿಸಿದಳು. ಸಂಜೆ ಮನೆಗೆ ಬಂದಾಗ ನವೀನ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಮೊದಲೆಲ್ಲ ಅವಳು ಚಪ್ಪಲಿ ಬಿಡುವ ಮುಂಚೆಯೇ ‘ಇವತ್ತು ಎಂತ ಮಾಡಿದೆ, ಬಾಯಲ್ಲಿ ತಾಳ ಹಾಕಿ ತೋರ್ಸು’ ಎನ್ನುತ್ತಿದ್ದವನು. ಇವತ್ತೂ ಕೇಳಿಯಾನೆಂದು ಅವಳು ಚಪ್ಪಲಿ ಬಿಡದೆ ಅಲ್ಲೇ ನಿಂತಳು. ಅವನು ಹಗ್ಗದ ಇನ್ನೊಂದು ಎಳೆ ಸೇರಿಸಿಕೊಂಡು, “ಕೂಸು ಹಸಿದಿರಬೇಕು, ಹೋಗು,” ಎಂದ.