ಅಮ್ಮನ ಹೆಸರಲ್ಲಿ ಬರೆದ ಪತ್ರಗಳು

ಮಕ್ಕಳ ಗ್ರಂಥಾಲಯದಲ್ಲಿ ಅವಳದು ಹದಿನಾಲ್ಕು ವರ್ಷದ ಸರ್ವೀಸು. ಯಾವ ಮಗುವಿನ ಮನೆಯಲ್ಲಾದರೂ ಸಾವಾಗಿದೆಯೆಂದು ತಿಳಿದರೆ ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರಪುಸ್ತಕ ಓದುತ್ತಿದ್ದಳು. ತಾಯಿ ಸತ್ತ ಮೇಕೆಮರಿಯ ಕಥೆಯನ್ನಂತೂ ಎಷ್ಟು ಸಲ ಓದಿದ್ದಳೆಂದರೆ, ಪುಸ್ತಕದ ಬೆನ್ನಿಗೆ ಮೂರು ಸಲ ಬಟ್ಟೆಪಟ್ಟಿ ಅಂಟಿಸಿದ್ದಳು. "ಸತ್ತರು ಅಂತಲೇ ಹೇಳಿ. ಮಲಗಿದಾರೆ, ಊರಿಗೆ ಹೋಗಿದಾರೆ ಅನ್ನಬೇಡಿ" ಎಂದು ದೊಡ್ಡವರಿಗೆ ಬುದ್ಧಿ ಹೇಳುತ್ತಿದ್ದವಳೂ ಅವಳೇ.

ಅಂಥವಳ ಒಡಹುಟ್ಟಿದ ಅಕ್ಕ ದೂರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಕ್ಕನ ಏಳು ವರ್ಷದ ಮಗಳನ್ನು ನೋಡಿಕೊಳ್ಳಲು ಇವಳು ಬಂದಾಗ, ಬಸ್ ಡ್ರೈವರಾಗಿದ್ದ ಭಾವ ಬಾಗಿಲಲ್ಲೇ ತಡೆದ.

"ಅಮ್ಮ ಇನ್ನೂ ಆಸ್ಪತ್ರೇಲಿದಾಳೆ ಅಂದಿದೀನಿ. ನೀನು ಬಾಯಿಬಿಟ್ರೆ ಮಗು ಉಳಿಯಲ್ಲ. ಆಗಲ್ಲ ಅಂದ್ರೆ ಈಗ್ಲೇ ಹೊರಡು."

ಮಗುವನ್ನು ಬಿಟ್ಟುಹೋಗಲು ಮನಸ್ಸು ಬಾರದೆ ಒಪ್ಪಿಕೊಂಡಳು. ಮಗು ಅಮ್ಮನಿಗೆ ಪತ್ರ ಬರೆಯತೊಡಗಿತು. 'ಆಸ್ಪತ್ರೆಗೆ ಕೊಡ್ತೀನಿ' ಎಂದು ಭಾವ ಅದನ್ನು ಜೇಬಿಗಿಳಿಸಿ, ಸಂಜೆ ಗುಟ್ಟಾಗಿ ಇವಳ ಕೈಗಿಡುತ್ತಿದ್ದ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅಕ್ಕನ ಅಕ್ಷರದಂತೆಯೇ 'ಬೇಗ ಬರ್ತೀನಿ ಚಿನ್ನಾ' ಎಂದು ಉತ್ತರ ಬರೆಯುತ್ತಿದ್ದಳು. ಅಕ್ಕನಿಗಾಗಿ ಅಳಲೂ ಆ ಮನೆಯಲ್ಲಿ ಮೂಲೆಯಿರಲಿಲ್ಲ. ಶಾಲೆ ಬಿಟ್ಟೊಡನೆ ಮಗು ಗ್ರಂಥಾಲಯಕ್ಕೇ ಬರುತ್ತಿದ್ದರಿಂದ, ಮೇಕೆಮರಿಯ ಪುಸ್ತಕವನ್ನು ಬೀರುವಿನ ಮೇಲೆ ಬಚ್ಚಿಟ್ಟಳು.

ಐದನೆಯ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ಮಗು ಅಮ್ಮನದೆಂದು ಕೊಟ್ಟಿದ್ದ ಪತ್ರ ಹಿಡಿದು ಬಂತು.

"ಚಿಕ್ಕಮ್ಮಾ, ಇದು ನಿನ್ನ 'ಳ'. ಲೈಬ್ರರಿ ಚೀಟೀಲೂ ಹಿಂಗೇ ಬಾಲ ಎಳೀತೀಯ."

ಅವಳು ಪತ್ರ ತೆಗೆದುಕೊಂಡು ಮಡಚಿದಳು.

"ಅಮ್ಮ ಸತ್ತೋದ್ಲು ಅಲ್ವಾ? ನಂಗೆ ಯಾವಾಗ್ಲೋ ಗೊತ್ತು. ಸ್ಕೂಲಲ್ಲಿ ಹೇಳಿದ್ರು."

"ಮತ್ತೆ ಪತ್ರ ಯಾಕೆ ಬರೀತಿದ್ದೆ ಪುಟ್ಟಿ?"

"ಬರೀದಿದ್ರೆ ನಂಗೆ ಗೊತ್ತು ಅಂತ ಅಪ್ಪಂಗೆ ತಿಳಿದುಬಿಡುತ್ತಲ್ಲ. ಅಪ್ಪ ಅಳ್ತಾನೆ. ಹೇಳ್ಬೇಡ."

ಅಪ್ಪನಿಗೊಂದು ಮಾತು ಕೊಟ್ಟಾಗಿತ್ತು. ಈಗ ಮಗಳೂ ಕೇಳುತ್ತಿದ್ದಳು. ಇವಳು ಹೂಂ ಅನ್ನಲಿಲ್ಲ.

ಮರುದಿನ ಪುಸ್ತಕವನ್ನು ಮನೆಗೇ ತಂದಳು. ಸಂಜೆ ಭಾವ ಹೊಸಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು: "ಮರಿಯ ಅಮ್ಮ ಸತ್ತುಹೋಯಿತು."

"ನಿಲ್ಸೇ!" ಎಂದು ಭಾವ ಗದರಿದ.

"ಓದ್ಲಿ ಬಿಡಪ್ಪಾ," ಎಂದಿತು ಮಗು. "ನಂಗೊತ್ತು."

ಒಂದೇ ಬೂಟಿನಲ್ಲಿ ಆತ ಅಲ್ಲೇ ಕುಸಿದು ಕೂತ. ಮಗು ಓಡಿಹೋಗಿ ಅವನ ಕುತ್ತಿಗೆಗೆ ಜೋತುಬಿತ್ತು. ಅಪ್ಪ ಮಗಳು ಇಬ್ಬರೂ ಬಿಕ್ಕುವುದನ್ನು ಕಂಡು, ಐದು ತಿಂಗಳಲ್ಲಿ ಮೊದಲ ಸಲ ಇವಳೂ ಬಾಯಿಬಿಟ್ಟು ಅತ್ತಳು.

ಆಮೇಲೆ ಹಲವು ದಿನ ಭಾವ ಅವಳೊಡನೆ ಮಾತಾಡಲಿಲ್ಲ. ಹೊರಡು ಎಂದೂ ಅನ್ನಲಿಲ್ಲ. ಒಂದು ಶನಿವಾರ ಮಗಳ ಜೊತೆ ಗ್ರಂಥಾಲಯಕ್ಕೆ ಬಂದು, ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಮಂಡಿ ಮಡಚಿ ಕೂತ.

"ಅಂಥದ್ದೇ ಇನ್ನೊಂದು ಇದ್ರೆ ಕೊಡು," ಎಂದ, ಅವಳ ಮುಖ ನೋಡದೆ. "ಇವತ್ತು ನಾನು ಓದ್ತೀನಿ."