ಶಾಲಿಗೆ ಹೆದರಿದ ಪಿಟೀಲುಗಾರ

ಪುತ್ತೂರು, ಸುಳ್ಯ, ಕಡಬದ ಈ ಸೀಮೆಯಲ್ಲಿ ವಾದ್ಯವೆಂದರೆ ಒಂದೋ ಯಕ್ಷಗಾನದ ಚೆಂಡೆ, ಇಲ್ಲವೇ ಮದುವೆ ಚಪ್ಪರದ ಸ್ಯಾಕ್ಸೊಫೋನು ಎಂದಷ್ಟೇ ಜನ ತಿಳಿದಿದ್ದ ಕಾಲದಲ್ಲಿ, ಪಿಟೀಲು, ಕ್ಲಾರಿನೆಟ್, ಮ್ಯಾಂಡೊಲಿನ್, ಹಾರ್ಮೋನಿಯಂ, ತಬಲಾಗಳನ್ನು ಒಂದೇ ವೇದಿಕೆಯಲ್ಲಿ ಕೂರಿಸಿ, ಬೇರೆ ಬೇರೆ ಕಸುಬಿನ, ಬೇರೆ ಬೇರೆ ಮನೆಮಾತಿನ ಜನರನ್ನು ಒಂದೇ ಶ್ರುತಿಗೆ ತಂದ ಕೀರ್ತಿ ಶ್ರೀ ಸಂಕಪ್ಪ ಗೌಡರಿಗೆ ಸಲ್ಲತಕ್ಕದ್ದು. ಕಡಬದ ನಮ್ಮ ಕುಮಾರಧಾರಾ ವಾದ್ಯವೃಂದದ ಸ್ಥಾಪಕರೂ, ಅಂದಿನಿಂದ ಇಂದಿನವರೆಗೆ ಅದರ ಮೊದಲ ಪಿಟೀಲಿನ ಕುರ್ಚಿಯಲ್ಲಿ ಕುಳಿತವರೂ ಆದ ಅವರಿಗೆ ಈಗ ಎಪ್ಪತ್ತು ತುಂಬುತ್ತಿದೆ. ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ಅವರ ಶಿಷ್ಯೆಯಾದ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ಆ ಹೆದರಿಕೆಯನ್ನು ಮುಚ್ಚಿಟ್ಟು ಬರೀ ಹೊಗಳಿ ಬರೆಯುವುದು ನನ್ನಿಂದಾಗದು.

ಸುಳ್ಯದ ಕೃಷಿಕ ಮನೆತನದಲ್ಲಿ ಹುಟ್ಟಿದ ಗೌಡರು ವೃತ್ತಿಯಿಂದ ಪಶುವೈದ್ಯ ಇಲಾಖೆಯ ಪರಿವೀಕ್ಷಕರಾಗಿದ್ದವರು. ಗುಂಡ್ಯದಿಂದ ಕುಂಬ್ರದವರೆಗೆ ಅವರು ಕೈ ಹಾಕಿ ಕರು ಎಳೆಯದ ಹಟ್ಟಿ ಕಡಿಮೆ. ಗುಂಡ್ಯದ ನಮ್ಮ ಮನೆಗೂ ಅವರು ಮೊದಲು ಬಂದದ್ದು ಹೊಟ್ಟೆಯಲ್ಲಿ ಕರು ಅಡ್ಡ ನಿಂತು ಒದ್ದಾಡುತ್ತಿದ್ದ ದನವನ್ನು ನೋಡಲಿಕ್ಕೆ. ಬೈಕಿನ ಹಿಂದೆ ಕಟ್ಟಿದ್ದ ಪೆಟ್ಟಿಗೆ ಮದ್ದಿನದೆಂದು ತಿಳಿದು, ಸಹಾಯ ಮಾಡುವ ಉಮೇದಿನಲ್ಲಿ ನಾನು ಬಿಚ್ಚಿದೆ. ನೋಡಿದರೆ ಒಳಗೆ ಪಿಟೀಲು! ಮೊಣಕೈಯವರೆಗೆ ರಕ್ತ ಮೆತ್ತಿಕೊಂಡು ಹಟ್ಟಿಯಿಂದ ಹೊರಬಂದ ಗೌಡರನ್ನು ಕಂಡು ದಡಬಡ ಪೆಟ್ಟಿಗೆ ಮುಚ್ಚಹೋದೆ. ಅವರು ಬೈಯಲಿಲ್ಲ. “ತೆರೆದಾಯ್ತಲ್ಲ ಮಾರಾಯ್ತಿ, ಇನ್ನು ಬಾರಿಸಿಯೇ ಬಿಡು” ಎಂದರು. ದನವೂ ಉಳಿಯಿತು, ಕರುವೂ ಉಳಿಯಿತು, ನಾನು ಪಿಟೀಲಿಗೆ ಸಿಕ್ಕಿಬಿದ್ದೆ.

ಅವರ ಉಪಕಾರಗಳನ್ನು ಎಣಿಸುತ್ತ ಕುಳಿತರೆ ಈ ಗ್ರಂಥ ಸಾಲದು. ರಬ್ಬರ್ ಶೀಟು ಒತ್ತುವ ಯಂತ್ರಕ್ಕೆ ಸಿಕ್ಕಿ ಆದಂ ಕುಂಞಿಯವರ ಬಲಗೈಯ ಎರಡು ಬೆರಳು ಹೋದಾಗ, ‘ಇನ್ನೆಂತ ಹಾರ್ಮೋನಿಯಂ’ ಎಂದು ಅವರು ಮನೆಯಲ್ಲೇ ಕೂತುಬಿಟ್ಟಿದ್ದರು. ಗೌಡರು ವೃಂದದ ಅಷ್ಟೂ ಹಾಡುಗಳ ಹಾರ್ಮೋನಿಯಂ ಭಾಗವನ್ನು ಉಳಿದ ಬೆರಳುಗಳಿಗೆ ಹೊಂದುವಂತೆ ತಿರುಗಿ ಬರೆದು, ಆಸ್ಪತ್ರೆಯ ಪಟ್ಟಿ ಬಿಚ್ಚುವ ಮೊದಲೇ ಅವರ ಮುಂದೆ ಹಿಡಿದರು. ಮ್ಯಾಂಡೊಲಿನ್ ನುಡಿಸುವ ಮುಫೀದಾಳಿಗೆ ಮದುವೆಯಾದ ಮೇಲೆ ಸಂಜೆ ಹೊರಡುವುದು ಕಷ್ಟವಾದಾಗ, ಯಾರೊಡನೆಯೂ ವಾದಕ್ಕೆ ನಿಲ್ಲದೆ, ಸಂಜೆಯ ಅಭ್ಯಾಸವನ್ನೇ ಭಾನುವಾರ ಬೆಳಿಗ್ಗೆಗೆ ಬದಲಿಸಿದರು. ಒಬ್ಬರೂ ಬಿಟ್ಟುಹೋಗಬಾರದು ಎನ್ನುವುದು ಅವರ ಹಟ. ಇಂಥವರ ಕೈಯಿಂದಲೇ ಹಿರಿಯರನ್ನು ಕುರ್ಚಿಯಿಂದ ಇಳಿಸುವ ನಿಯಮ ಹುಟ್ಟಿತಲ್ಲ, ಅದು ನನಗೆ ಇವತ್ತಿಗೂ ನಂಬಲಾಗದ ಮಾತು.

ನಿಯಮ ಹುಟ್ಟಿದ್ದು ಹೀಗೆ. ಪುತ್ತೂರಿನ ಒಂದು ವೇದಿಕೆಯಲ್ಲಿ ನಮ್ಮ ಹಿರಿಯ ಕೊಳಲುಗಾರರೊಬ್ಬರು ಹಾಡಿನ ನಡುವೆ ದಾರಿ ತಪ್ಪಿದರು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು, ಸಭೆ ನಕ್ಕಿತು. ಆ ಹಿರಿಯರು ಬಸ್ಸಿನ ಮರೆಗೆ ಹೋಗಿ ಅತ್ತದ್ದನ್ನು ಗೌಡರು ಕಣ್ಣಾರೆ ಕಂಡರು. ನಮ್ಮವರಲ್ಲಿ ಇನ್ಯಾರಿಗೂ ಈ ಗತಿ ಬಾರದಿರಲೆಂದು ಅವರೇ ಸೂಚಿಸಿದರು: ಎಪ್ಪತ್ತು ತುಂಬಿದವರಿಗೆ ವೇದಿಕೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪ ಕೊಟ್ಟು, ಅಲ್ಲಿಯೇ ಅವರ ಕುರ್ಚಿಯನ್ನು ಕಿರಿಯರಿಗೆ ಬಿಟ್ಟುಕೊಡಿಸುವುದು. ಮರ್ಯಾದೆಯಿಂದ ಇಳಿಯಲಿ ಎಂಬ ಆಸೆ. ನಾವೆಲ್ಲ ಚಪ್ಪಾಳೆ ತಟ್ಟಿ ಒಪ್ಪಿದೆವು.

ಮೊದಲ ಶಾಲು ಬಿದ್ದದ್ದು ಕ್ಲಾರಿನೆಟ್ಟಿನ ಡೊಂಬಯ್ಯನವರ ಹೆಗಲಿಗೆ. ಕುಂಬ್ರದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಅವರು ಗೌಡರ ಜೀವದ ಗೆಳೆಯ. ವೇದಿಕೆಯಲ್ಲಿ ನಗುನಗುತ್ತಲೇ ಇದ್ದರು. ಮರುವಾರ ಎಂದಿನಂತೆ ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದು ಅಭ್ಯಾಸಕ್ಕೆ ಬಂದರು. ಅವರ ಕುರ್ಚಿಯಲ್ಲಿ ಕ್ಲಾರಿನೆಟ್ಟಿನ ಕಿರಿಯ ಹುಡುಗ ಸಿನಾನ್ ಕೂತಿದ್ದ. ಡೊಂಬಯ್ಯನವರು ಜಗಲಿಯಲ್ಲಿ ಕೂತರು. ಗೌಡರು ಒಳಗೆ ಕರೆದರೆ, “ಬೇಡ, ಇಲ್ಲಿ ಗಾಳಿ ಉಂಟು” ಎಂದರು. ಕೆಲವು ವಾರ ಹಾಗೆಯೇ ಬಂದು, ತೊಡೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದು, ಆಮೇಲೆ ಬರುವುದನ್ನೇ ಬಿಟ್ಟರು. ಗೌಡರು ಕುಂಬ್ರಕ್ಕೆ ಹೋದರೆ ಡೊಂಬಯ್ಯನವರು ತಲೆಯೆತ್ತದೆ ಹೊಲಿಗೆ ಯಂತ್ರ ತುಳಿಯುತ್ತಿದ್ದರಂತೆ. ಮುಂದಿನ ವರ್ಷ ತೀರಿಕೊಂಡರು. ಸಕ್ಕರೆ ಕಾಯಿಲೆಯೆಂದು ಡಾಕ್ಟರು ಹೇಳಿದರು. ಗೌಡರು ಅದನ್ನು ಒಂದು ದಿನವೂ ನಂಬಲಿಲ್ಲ.

ಈಗ ಸರದಿ ಅವರದೇ. ಸಮಿತಿಯ ಅಧ್ಯಕ್ಷರಾದ ಜಯಪ್ರಕಾಶರ ಜೊತೆ ನಾವು ಸುದ್ದಿ ತಿಳಿಸಲು ಹೋದ ದಿನ, ಗೌಡರ ಮುಖದಿಂದ ರಕ್ತ ಇಳಿದದ್ದನ್ನು ನಾನು ನೋಡಿದೆ. ಕೈಯಲ್ಲಿದ್ದ ಚಾದ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಜಯಪ್ರಕಾಶರಿಗೆ ಎಂತ ಗೊತ್ತಾಗುತ್ತದೆ? “ಸಭಾಭವನ ತುಂಬಬೇಕು ಸರ್, ಗ್ರಂಥವೂ ಬರಬೇಕು” ಎಂದು ಹಿಗ್ಗುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಕೆಲವರ ಒಳ್ಳೆಯತನಕ್ಕೆ ಕಣ್ಣಿಲ್ಲ.

ಎಲ್ಲರೂ ಅಂಗಳಕ್ಕಿಳಿದ ಮೇಲೆ ಗೌಡರು ನನ್ನನ್ನು ನಿಲ್ಲಿಸಿದರು. “ನನ್ನನ್ನೂ ಜಗಲಿಗೆ ಹಾಕುದಾ ದಮಯಂತಿ?” ಎಂದರು. ಅವರ ಕುರ್ಚಿ ಬರುವುದು ನನಗೆ. 

“ಸರ್, ನಿಯಮ ಬೇಡವೆಂದು ನೀವೇ ಒಂದು ಮಾತು ಹೇಳಿ, ಸಾಕು” ಎಂದೆ.

“ಯಾವ ಬಾಯಲ್ಲಿ ಹೇಳುದು? ಡೊಂಬಯ್ಯನಿಗೆ ಮಾಡಿದ್ದನ್ನು ನನಗೆ ಮಾಡಬೇಡಿ ಅಂತಲಾ?”

ಅಂದಿನಿಂದ ಅವರ ನುಡಿಸಾಣಿಕೆಗೇ ಹೆದರಿಕೆ ಹೊಕ್ಕಿತು. ಕಮಾನು ತಂತಿಯ ಮೇಲೆ ನಡುಗತೊಡಗಿತು. ಕಳೆದ ವರ್ಷದಿಂದ ಅಪರೂಪಕ್ಕೊಮ್ಮೆ ಹಾಡಿನ ನಡುವೆ ಒಂದು ಸಾಲು ಹಾರಿಸುತ್ತಿದ್ದವರು ಈಗ ಪ್ರತಿ ಭಾನುವಾರವೂ ಹಾರಿಸುತ್ತಾರೆ. ಹಾರಿಸಿದೊಡನೆ ಕಳ್ಳನ ಹಾಗೆ ನಮ್ಮ ಮುಖ ನೋಡುತ್ತಾರೆ. ಸತ್ಯ ಹೇಳುತ್ತೇನೆ, ನನಗೆ ಎರಡು ಭಯ. ಕುರ್ಚಿ ಬಿಡಿಸಿದರೆ ಈ ಜೀವ ಉಳಿಯುತ್ತದೆಯೋ ಇಲ್ಲವೋ ಎಂಬುದು ಒಂದು. ಬಿಡಿಸದೆ ಇದ್ದು, ತುಂಬಿದ ಸಭೆಯೆದುರು ಅವರು ದಾರಿ ತಪ್ಪಿದರೆ, ಯಾರಾದರೂ ಸಿಳ್ಳೆ ಹಾಕಿದರೆ ಎಂಬುದು ಇನ್ನೊಂದು. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಅವರನ್ನೇ ಕೇಳಿದೆ. “ಜನ ನಗಾಡಿದರೆ ಎಂತ ಮಾಡುದು ಸರ್?”

ಕಮಾನನ್ನು ಪೆಟ್ಟಿಗೆಯಲ್ಲಿಟ್ಟು ಹೇಳಿದರು: “ನಗಾಡ್ಲಿ. ನಗಾಡಿಸಿಕೊಂಡವ ಮರುವಾರ ಪುನಃ ಬಂದು ಬಾರಿಸಬಹುದು. ಶಾಲು ಹೊದ್ದವನಿಗೆ ಆ ದಾರಿ ಇಲ್ಲ. ನನಗೆ ಇದು ಗೊತ್ತಾಗುವಾಗ ಡೊಂಬಯ್ಯ ಇರಲಿಲ್ಲ.”

ಆ ಮಾತನ್ನು ನಾನು ವೃಂದದ ಮುಂದಿಟ್ಟೆ. ಸಿನಾನ್ ತಲೆ ತಗ್ಗಿಸಿದ. ಆದಂ ಕುಂಞಿಯವರು ಹಾರ್ಮೋನಿಯಂ ಮುಚ್ಚಿ, “ಅವರು ಸಾಲು ಹಾರಿಸಿದರೆ ನಾವೂ ಹಾರಿಸುವ. ಹತ್ತು ಜನ ಒಟ್ಟಿಗೆ ತಪ್ಪಿದರೆ ಅದು ತಪ್ಪು ಅಂತ ಯಾವನಿಗೆ ಗೊತ್ತಾಗುದು?” ಎಂದರು. ಅದಾದ ಮೇಲೆ ಗೌಡರು ಬರುವ ಮೊದಲೇ ನಾವು ಸೇರಿ, ಎಲ್ಲಿ ಬೇಕಾದರೂ ಅವರ ಹಿಂದೆ ಜಿಗಿಯುವುದನ್ನು ಅಭ್ಯಾಸ ಮಾಡುತ್ತಿದ್ದೇವೆ. ನಾನು ಗೌಡರ ಹಾಗೆ ಎಲ್ಲೆಂದರಲ್ಲಿ ಹಾರುತ್ತೇನೆ, ಉಳಿದವರು ಹಿಡಿಯುತ್ತಾರೆ. ಇಷ್ಟು ಕಷ್ಟದ ಪಾಠ ನಮಗೆ ಯಾವ ಗುರುವೂ ಕೊಟ್ಟಿರಲಿಲ್ಲ. ಮುಫೀದಾ ಮೂರು ಸಲಕ್ಕೆ ಒಂದು ಸಲ ಹಿಂದೆ ಬೀಳುತ್ತಾಳೆ. ಭಯ ಹೋಗಿಲ್ಲ.

ಈ ಲೇಖನವನ್ನು ಕೈಗಿಡುವಾಗ ಜಯಪ್ರಕಾಶರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ: ಶಾಲು ಹೊದಿಸಿದ ಮೇಲೂ ಗೌಡರು ಅದೇ ಕುರ್ಚಿಯಲ್ಲಿ ಕೂತು ನುಡಿಸುವುದಾದರೆ ಮಾತ್ರ ಇದನ್ನು ಅಚ್ಚು ಹಾಕಿ, ಇಲ್ಲವಾದರೆ ಹರಿದು ಬಿಸಾಡಿ, ಆ ಕುರ್ಚಿಯಲ್ಲಿ ಕೂರಲು ನಾನಂತೂ ಬರುವುದಿಲ್ಲ. ಹಾಗಾಗಿ, ಮಾನ್ಯ ಓದುಗರೇ, ಈ ಪುಟ ನಿಮ್ಮ ಕೈಗೆ ಬಂದಿದೆಯೆಂದರೆ ಜಯಪ್ರಕಾಶರು ಒಪ್ಪಿದ್ದಾರೆಂದೇ ಅರ್ಥ. ಗ್ರಂಥ ಬಿಡುಗಡೆಯಾದ ಮೇಲೆ ನಮ್ಮ ವಾದನವಿದೆ. ಗೌಡರು ಹೆದರಿರುತ್ತಾರೆ, ಪಕ್ಕದಲ್ಲಿ ನಾನೂ ಹೆದರಿರುತ್ತೇನೆ, ದಯವಿಟ್ಟು ನಗಬೇಡಿ.

ಪೂಜ್ಯ ಸಂಕಪ್ಪ ಗೌಡರಿಗೆ ಭಗವಂತನು ದೀರ್ಘಾಯುಷ್ಯವನ್ನೂ, ಗಟ್ಟಿಯಾದ ಕೈಯನ್ನೂ, ಕೈ ನಡುಗಿದರೂ ನಡುಗದ ಮನಸ್ಸನ್ನೂ ಕರುಣಿಸಲಿ. ಈ ಭಾನುವಾರ ಸನ್ಮಾನ. ಮುಂದಿನ ಭಾನುವಾರ ಬೆಳಿಗ್ಗೆ ಅವರು ಅಭ್ಯಾಸಕ್ಕೆ ಬರಲಿ.